ಎರಿ ಹೊಲವೇ ನೆಲೆ: ಬಯಲುಸೀಮೆಯ ವನ್ಯಜೀವಿ ಅಧ್ಯಯನ ನಡೆದುಬಂದ ದಾರಿ

ಹುಬ್ಬಳ್ಳಿ ತಾಲೂಕಿನ ಸುಳ್ಳದ ಸುತ್ತ ಕಾಡಿಲ್ಲ. ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ಮುಂಗಾರಿಗೆ ಹೆಸರು, ಹತ್ತಿ, ಹಿಂಗಾರಿಗೆ ಜೋಳ, ಕಡಲಿ, ಕುಸುಬಿ. ವನ್ಯಜೀವಿ ಎಂದ ಕೂಡಲೇ ದಾಂಡೇಲಿ, ನಾಗರಹೊಳೆ ನೆನಪಾಗುವ ನಮಗೆ ಈ ಬಯಲು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಧಾರವಾಡದ ಕರಿಮಣ್ಣಿನ ಪ್ರಾಣಿಗಳ ಅಧ್ಯಯನಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಇಲ್ಲಿ ರೈತನ ಹೊಲವೇ ಪ್ರಾಣಿಯ ನೆಲೆ, ಎರಡನ್ನೂ ಒಟ್ಟಿಗೆ ನೋಡದೆ ಯಾವುದೂ ಉಳಿಯುವುದಿಲ್ಲ ಎಂಬುದು ಆ ಇತಿಹಾಸ ಕಲಿಸುವ ಪಾಠ.

ಪಟ್ಟಿ ಬರೆದ ಕಾಲ

ಈ ಸೀಮೆಯ ಸಸ್ತನಿಗಳನ್ನು ಕ್ರಮವಾಗಿ ದಾಖಲಿಸಿದವರಲ್ಲಿ ಮುಖ್ಯನಾದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕದನದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ಕಂಪನಿ ಅಧಿಕಾರಿ ಈತ. ಧಾರವಾಡ ಭಾಗದಲ್ಲಿ ಕೆಲಸ ಮಾಡುತ್ತ ಕಂಡದ್ದನ್ನು ಬರೆದಿಟ್ಟು, 1839ರಲ್ಲಿ ‘ದಕ್ಷಿಣ ಮರಾಠಾ ಸೀಮೆ’ಯ ಸಸ್ತನಿಗಳ ಪಟ್ಟಿಯನ್ನು ಮದ್ರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಈ ಸೀಮೆಯ ಮಾದರಿಗಳನ್ನು ನೋಡಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲೇ ಕೆಲವು ಇಲಿ ಪ್ರಭೇದಗಳಿಗೆ ಹೆಸರಿಟ್ಟಿದ್ದ.

ಅವುಗಳಲ್ಲೊಂದು ಮೆತ್ತನೆಯ ತುಪ್ಪಳದ ಹೊಲದ ಇಲಿ, ಮಿಲ್ಲಾರ್ಡಿಯ ಮೆಲ್ಟಾಡ. ಎಲಿಯಟ್ ಅದನ್ನು ಗಮನಿಸಿದ ರೀತಿ ಇಂದಿಗೂ ಮಾದರಿ. ಈ ಇಲಿ ಗಟ್ಟಿಯಾದ ಬಿಲ ತೋಡುವುದಿಲ್ಲ; ಕಂಟಿಯ ಬುಡ, ಹೊಲದ ಕಲ್ಲುಗುಪ್ಪೆ, ಹೆಗ್ಗಣ ಬಿಟ್ಟುಹೋದ ಬಿಲ ಇವೇ ಅದಕ್ಕೆ ಆಸರೆ. ಬೇಸಿಗೆಯಲ್ಲಿ ಎರಿ ನೆಲ ಬಾಯಿ ಬಿಟ್ಟಾಗ ಆ ಬಿರುಕುಗಳಲ್ಲೇ ಇರುತ್ತದೆ. ಮಳೆ ಬಿದ್ದು ಬಿರುಕು ಮುಚ್ಚಿಕೊಂಡಾಗ ಲೆಕ್ಕವಿಲ್ಲದಷ್ಟು ಇಲಿಗಳು ಒಳಗೇ ಸಾಯುತ್ತವೆ. 1826ರಲ್ಲಿ ಮಳೆ ಕಡಿಮೆಯಾಯಿತು, ಇಲಿಗಳು ಮಿತಿಮೀರಿ ಹೆಚ್ಚಿದವು. ಬಿತ್ತಿದ ಕಾಳನ್ನು ತಿಂದವು, ಜೋಳದ ದಂಟು ಹತ್ತಿ ತೆನೆ ಕಡಿದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಮಳೆ, ಮಣ್ಣು, ಪ್ರಾಣಿ, ಬೆಳೆ, ಕಂದಾಯ ಇಷ್ಟನ್ನೂ ಒಂದೇ ಎಳೆಯಲ್ಲಿ ಕಂಡ ಈ ನೋಟ ಮುಂದಿನ ಸಂಶೋಧನೆಗೆ ದಾರಿಯಾಗಬೇಕಿತ್ತು.

ಹಾಗಾಗಲಿಲ್ಲ. ಮುಂದಿನ ನೂರು ವರ್ಷ ಬಹುಮಟ್ಟಿಗೆ ಪಟ್ಟಿ ಮತ್ತು ಬೇಟೆಯ ಕಾಲ. ಮಳೆಗಾಲದಲ್ಲಿ ದಖ್ಖನಿನ ಬಯಲಿನಲ್ಲಿ ಎರೆಭೂತಗಳು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಒಟ್ಟೊಟ್ಟಿಗೆ ಕಾಣುತ್ತವೆಂದು 1860ರ ದಶಕದಲ್ಲಿ ಪಕ್ಷಿಶಾಸ್ತ್ರಜ್ಞ ಜೆರ್ಡನ್ ಬರೆದ. ಬಂದೂಕಿನ ಜೊತೆಗೆ ಜೀಪೂ ಬಂದ ಮೇಲೆ ಬಯಲಲ್ಲಿ ಅಡಗಲು ಜಾಗವಿಲ್ಲದ ಚಿಗರಿ (ಕೃಷ್ಣಮೃಗ), ಎರೆಭೂತ ಎರಡೂ ಕರಗುತ್ತ ಹೋದವು. ಧಾರವಾಡದ ಜೆ.ಸಿ. ಉತ್ತಂಗಿಯವರಂಥ ಪ್ರಾಣಿಶಾಸ್ತ್ರಜ್ಞರು ಸುತ್ತಲಿನ ಹಕ್ಕಿಗಳನ್ನು ನೋಡಿ ಬರೆದು, ಸ್ಥಳೀಯ ದಾಖಲೆಯ ಪರಂಪರೆಯನ್ನು ಉಳಿಸಿದರು.

ಗಡಿ ಹಾಕಿದ ಕಾಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಒಡ್ಡಿತು. 1974ರಲ್ಲಿ ರಾಣೆಬೆನ್ನೂರಿನ ಸುಮಾರು 119 ಚದರ ಕಿ.ಮೀ. ಪ್ರದೇಶ ಕೃಷ್ಣಮೃಗ ಅಭಯಾರಣ್ಯವಾಯಿತು. ಎರೆಭೂತಕ್ಕೂ ಅದು ನೆಲೆಯಾಗಿತ್ತು. ಆದರೆ ‘ಬರಡು’ ನೆಲವನ್ನು ಹಸಿರಾಗಿಸುವ ಉಮೇದಿನಲ್ಲಿ ಅಲ್ಲಿ 1950ರ ದಶಕದಿಂದಲೇ ನೀಲಗಿರಿ ನೆಡಲಾಗಿತ್ತು. ಈ ನೆಡುತೋಪು ವನ್ಯಜೀವಿಗಳ ಮೇಲೆ ಬೀರಿದ ಪರಿಣಾಮವನ್ನು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಅಧ್ಯಯನ ಮಾಡಿದರು. ದೂರದವರೆಗೆ ನೋಡುತ್ತ ನಡೆದಾಡುವ, ಬಯಲು ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗೆ ಮರದ ಸಾಲು ಆಸರೆಯಲ್ಲ, ಅಡ್ಡಿ. ಕೃಷ್ಣಮೃಗ ಅಲ್ಲಿ ಉಳಿಯಿತು, ಎರೆಭೂತ ಮರೆಯಾಯಿತು. ಹುಲ್ಲುಗಾವಲೂ ಒಂದು ನೆಲೆ, ಅದು ಕೆಟ್ಟ ಕಾಡಲ್ಲ ಎಂಬ ತಿಳಿವಳಿಕೆಗೆ ನಾವು ತೆತ್ತ ಬೆಲೆ ಇದು.

ಇನ್ನೊಂದು ಪಾಠ ಮಧ್ಯಪ್ರದೇಶದ ಕರೇರಾದ್ದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಎರೆಭೂತದ ಜೀವನಕ್ರಮವನ್ನು ಅಲ್ಲಿ ವಿವರವಾಗಿ ಅಭ್ಯಸಿಸಿದರು. ಅಭಯಾರಣ್ಯವಾದ ಮೇಲೆ ಕರೇರಾದಲ್ಲಿ ಕೃಷ್ಣಮೃಗಗಳು ಹೆಚ್ಚಿದವು, ಬೆಳೆಗೆ ಬಾಯಿ ಹಾಕಿದವು. ರೈತರ ಸಿಟ್ಟು ಅಭಯಾರಣ್ಯದ ಮೇಲೆಯೇ ತಿರುಗಿತು, 1990ರ ದಶಕದಲ್ಲಿ ಎರೆಭೂತ ಅಲ್ಲಿಂದ ಕಾಣೆಯಾಯಿತು. ನಕ್ಷೆಯಲ್ಲಿ ಗೆರೆ ಎಳೆದರೆ ಸಾಲದು, ಗೆರೆಯಾಚೆಯ ಮನಸ್ಸೂ ಜೊತೆಗಿರಬೇಕು.

ಜೀವಕಣದಿಂದ ತಂತಿಯವರೆಗೆ

ಈಚಿನ ಸಂಶೋಧನೆಗೆ ಉಪಗ್ರಹ ಕೊರಳಪಟ್ಟಿ, ಜಿನೋಮ್ ಅಧ್ಯಯನ, ಕೃತಕ ಗರ್ಭಧಾರಣೆಯ ಬಲವಿದೆ. ಭಾರತದ ತೋಳ ಜಗತ್ತಿನ ತೋಳಗಳಲ್ಲೇ ಬಹು ಹಳೆಯ ಕವಲೆಂದು 2021ರಲ್ಲಿ ಪ್ರಕಟವಾದ ಜಿನೋಮ್ ಅಧ್ಯಯನ ಹೇಳಿತು. ಕೊಪ್ಪಳ ಜಿಲ್ಲೆಯ ಬಂಕಾಪುರ ಈಗ ತೋಳಕ್ಕಾಗಿಯೇ ಮೀಸಲಾದ ಧಾಮ. 2011ರಿಂದ ಅತ್ಯಂತ ಅಪಾಯದಂಚಿನ ಪಟ್ಟಿಯಲ್ಲಿರುವ ಎರೆಭೂತ ದೇಶದಲ್ಲಿ ಉಳಿದಿರುವುದು ಸುಮಾರು 150. ಕರ್ನಾಟಕದಲ್ಲಿ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು. ಈ ಹಕ್ಕಿಗೆ ನೇರ ಮುಂದಕ್ಕೆ ಕಾಣುವ ಹರವು ಕಿರಿದು, ಮೈ ಭಾರ. ಎದುರಿಗೆ ತಂತಿ ಬಂದರೆ ತಕ್ಷಣ ತಿರುಗಲಾರದು. ಥಾರ್ ಮರುಭೂಮಿಯಲ್ಲಿ ವಿದ್ಯುತ್ ತಂತಿಗೆ ಬಡಿದು ವರ್ಷಕ್ಕೆ ಸುಮಾರು 18 ಎರೆಭೂತಗಳು ಸಾಯುತ್ತವೆಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಇದು ತಡೆಯಲಾಗದ ನಷ್ಟ. ಜೈಸಲ್ಮೇರದ ಕೇಂದ್ರದಲ್ಲಿ 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮರಿ ಹುಟ್ಟಿದ್ದು ದೊಡ್ಡ ಸಾಧನೆ. ಆದರೆ ಬೆಳೆಸಿದ ಮರಿಯನ್ನು ಬಿಡಲು ಬಯಲು ಬೇಕಲ್ಲ?

ನಮ್ಮ ಬಯಲು ಬದಲಾಗುತ್ತಿದೆ. ಮಲಪ್ರಭೆಯ ಕಾಲುವೆ ನವಲಗುಂದ, ನರಗುಂದದ ಬೆಳೆಕ್ರಮವನ್ನು ಬದಲಿಸಿತು. ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದವು. ಕುರಿ ಮೇಯುತ್ತಿದ್ದ ಬೀಳು, ಹುಲ್ಲಿನ ಅಗಲ ಬದುಗಳು ಸಾಗುವಳಿಗೆ ಸೇರುತ್ತಿವೆ. ನವಲಗುಂದ, ಅಣ್ಣಿಗೇರಿಯ ಕಡೆ ಚಿಗರಿ ಹಿಂಡು ಎಳೆಯ ಕಡಲಿ, ಹೆಸರು ಮೇಯ್ದರೆ ಆ ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ. ಆ ರೈತನ ನೋವನ್ನು ಬರೀ ‘ಸಂಘರ್ಷ’ ಎಂದು ವರದಿಯಲ್ಲಿ ಸೇರಿಸಿದರೆ ಕರೇರಾದ ಕಥೆ ಇಲ್ಲೂ ಮರುಕಳಿಸೀತು.

ಮುಂದಿನ ಸಂಶೋಧನೆ ಸುಳ್ಳದಂಥ ಊರುಗಳ ಹೊಲಕ್ಕೆ ಇಳಿಯಬೇಕಿದೆ. ಯಾವ ಬೆಳೆಕ್ರಮದಲ್ಲಿ ಯಾವ ಜೀವ ಉಳಿಯುತ್ತದೆ, ಎಷ್ಟು ಬದು ಬಿಟ್ಟರೆ ಸಾಕು, ತಂತಿ ಎಲ್ಲಿ ನೆಲದಡಿ ಹೋಗಬೇಕು, ಹಾನಿಯ ಪರಿಹಾರ ಎಷ್ಟು ಬೇಗ ಕೈಸೇರಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರ ಹುಡುಕಬೇಕು. ಬೆಳೆ ಬಲ್ಲ ಕೃಷಿ ವಿಶ್ವವಿದ್ಯಾಲಯ, ಪ್ರಾಣಿಶಾಸ್ತ್ರ ಕಲಿಸುವ ಕರ್ನಾಟಕ ವಿಶ್ವವಿದ್ಯಾಲಯ ಎರಡೂ ಧಾರವಾಡದಲ್ಲೇ ಇವೆ. ಅವು ಒಂದೇ ಹೊಲದಲ್ಲಿ ಕೆಲಸ ಮಾಡಲಿ. ಪ್ರಶ್ನೆ ರೂಪಿಸುವಾಗಲೇ ರೈತರನ್ನೂ ಕುರಿಗಾರರನ್ನೂ ಕರೆದು ಕೂರಿಸಿಕೊಳ್ಳಲಿ. ಈ ಬಯಲನ್ನು ಅವರಷ್ಟು ದಿನ ನೋಡಿದವರು ಬೇರೆ ಯಾರೂ ಇಲ್ಲ.