ಭಾಷೆ, ಬೋಧೆ, ಬೊಕ್ಕಸ: ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳಲ್ಲಿ ನೇತೃತ್ವದ ಹಸ್ತಾಂತರ

ಧರ್ಮಸಂಘವೊಂದರ ಆಡಳಿತವು ವಿದೇಶೀಯರ ಕೈಯಿಂದ ದೇಶೀಯರ ಕೈಗೆ ದಾಟಿದ ವೃತ್ತಾಂತವನ್ನು ಬರೆಯುವವರು ಅದನ್ನು ಬಹುಮಟ್ಟಿಗೆ ಒಂದು ತಾರೀಖಿಗೆ ಕಟ್ಟಿಹಾಕುವುದುಂಟು. ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಭೆಗಳ ವಿಷಯದಲ್ಲಿ ಆ ಗೌರವವು ೧೯೪೭ನೆಯ ಸೆಪ್ಟೆಂಬರ್ ೨೭ಕ್ಕೆ ಸಂದಿದೆ. ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯಸಭೆ ಎಂಬ ಮೂರು ಪರಂಪರೆಗಳು ಅಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಸಭೆಯು ಸ್ಥಾಪಿತವಾಯಿತು. ಆದರೆ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಗದಗು-ಬೆಟಗೇರಿ ಮೊದಲಾದೆಡೆಗಳಲ್ಲಿ ಬಾಸೆಲ್ ಮಿಷನ್ನಿನ ಆಶ್ರಯದಲ್ಲಿ ಬೆಳೆದ ಕನ್ನಡ ಸಭೆಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ಹಸ್ತಾಂತರವು ಒಂದು ದಿನದ ಕಾರ್ಯವೂ ಅಲ್ಲ, ಒಂದೇ ಅಧಿಕಾರಕ್ಕೆ ಸಂಬಂಧಿಸಿದುದೂ ಅಲ್ಲವೆಂಬುದು ವಿಶದವಾಗುತ್ತದೆ. ಮೊದಲು ದಾಟಿದ್ದು ಆರಾಧನೆಯ ಭಾಷೆ, ಅದರ ತರುವಾಯ ಬೋಧೆಯ ಅಧಿಕಾರ, ಕಟ್ಟಕಡೆಗೆ ಬೊಕ್ಕಸ. ಈ ಮೂರರ ನಡುವಣ ದೀರ್ಘವಾದ ಅಂತರವೇ ಆ ಸಭೆಗಳ ನಿಜವಾದ ಸಂಕ್ರಮಣಕಾಲವೆಂದೂ, ಅವುಗಳ ಶ್ರದ್ಧೆಯು ಎಲ್ಲಿ ಸ್ಥಿರವಾಗಿ ನಿಂತಿತು, ನೇತೃತ್ವವು ಎಲ್ಲಿ ತಡವರಿಸಿತು ಎಂಬುದಕ್ಕೆ ಈ ಅನುಕ್ರಮವೇ ಕಾರಣವೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಭಾಷೆ

೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಮಿಷನ್ನಿಗೆ ಭಾರತದ ಬಾಗಿಲು ತೆರೆದದ್ದು, ಬ್ರಿಟಿಷರಲ್ಲದ ಮಿಷನರಿಗಳಿಗೂ ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಯಲ್ಲಿ ನೆಲಸಲು ಅನುಕೂಲ ಕಲ್ಪಿಸಿದ ೧೮೩೩ರ ಚಾರ್ಟರ್ ಶಾಸನದ ಮೂಲಕ. ಮರುವರ್ಷವೇ ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ಠಾಣೆಗಳಾದುವು. ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ, ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’, ೧೮೯೪ರಲ್ಲಿ ಫರ್ಡಿನಂಡ್ ಕಿಟ್ಟೆಲನ ನಿಘಂಟು, ಇವು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಸುಪರಿಚಿತವಾದ ಸಂಗತಿಗಳು. ಸಾಹಿತ್ಯಚರಿತ್ರೆಯು ಇವನ್ನು ಪಾಂಡಿತ್ಯದ ಸಾಧನೆಗಳೆಂದು ಎಣಿಸುತ್ತದೆ. ಸಭಾಚರಿತ್ರೆಯ ದೃಷ್ಟಿಯಿಂದ ಇವುಗಳಿಗೆ ಬೇರೊಂದು ಫಲವಿತ್ತು. ಸತ್ಯವೇದವೂ, ಆರಾಧನಾಕ್ರಮವೂ, ಸಂಗೀತಪುಸ್ತಕವೂ ಕನ್ನಡದಲ್ಲಿ ಅಚ್ಚಾಗಿ ಸಭೆಯ ಕೈಸೇರಿದ ಮೇಲೆ, ಭಾನುವಾರದ ಆರಾಧನೆಯು ನಡೆಯಲು ಐರೋಪ್ಯನೊಬ್ಬನ ಉಪಸ್ಥಿತಿಯು ಅನಿವಾರ್ಯವಾಗಿ ಉಳಿಯಲಿಲ್ಲ.

ಈ ಭಾಷೆಯ ವಿಚಾರದಲ್ಲಿ ಒಂದು ಸೂಕ್ಷ್ಮವುಂಟು. ದಕ್ಷಿಣ ಕನ್ನಡದ ಸಭೆಗಳಲ್ಲಿ ಬಿಲ್ಲವರೇ ಮೊದಲಾದ ತುಳು ಮಾತೃಭಾಷೆಯ ಜನರೇ ಬಹುಸಂಖ್ಯಾತರು. ಹೊಸ ಒಡಂಬಡಿಕೆಯು ೧೮೪೭ರ ಹೊತ್ತಿಗೆ ತುಳುವಿಗೆ ಬಂದಿದ್ದರೂ, ಶಾಲೆಯ ಭಾಷೆಯೂ ಸಭೆಯ ಬರವಣಿಗೆಯ ಭಾಷೆಯೂ ಕನ್ನಡವೇ ಆಗಿದ್ದುದರಿಂದ, ಮನೆಯಲ್ಲಿ ತುಳುವನ್ನಾಡುವ ಒಕ್ಕಲಿಗನಿಗೆ ಕನ್ನಡದ ಸತ್ಯವೇದವು ಕಲಿತು ಪಡೆಯಬೇಕಾದ ಸಂಪತ್ತಾಯಿತು. ಕಲಿಸಬಲ್ಲವನು ಸಹಜವಾಗಿಯೇ ಮುಂದಾಳಾದನು. ಹಗಲು ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ತಿದ್ದಿಸುವ ಉಪಾಧ್ಯಾಯನೇ ಸಂಜೆ ಮನೆಮನೆಗಳಲ್ಲಿ ಪ್ರಾರ್ಥನೆ ನಡೆಯಿಸುವ, ಕಾಯಿಲೆಯವರ ಬಳಿ ಕುಳಿತು ಕೀರ್ತನೆಯನ್ನು ಓದುವ, ಸಾಲದ ಪತ್ರವನ್ನೂ ಗೇಣಿಚೀಟಿಯನ್ನೂ ಓದಿ ತಿಳಿಸುವ ಹಿರಿಯನೂ ಆಗಬಲ್ಲವನಾದನು. ಯಾವ ನೇಮಕದ ಆಜ್ಞೆಯೂ ಇಲ್ಲದೆ ಹುಟ್ಟಿದ ಈ ನೇತೃತ್ವಕ್ಕೆ ಪದವಿಯಿರಲಿಲ್ಲ. ಪದವಿಯಿಲ್ಲದ್ದರಿಂದಲೇ ಅದನ್ನು ಕಸಿದುಕೊಳ್ಳುವುದೂ ಶಕ್ಯವಿರಲಿಲ್ಲ. ಕಿಟ್ಟೆಲನು ೧೮೬೨ರಲ್ಲಿ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ದೇಶೀಯ ಛಂದಸ್ಸಿಗೆ ಅಳವಡಿಸಿದುದು ಆರಾಧನೆಯ ಭಾಷೆಯನ್ನು ಸಭೆಗೆ ಒಪ್ಪಿಸುವ ದಿಕ್ಕಿನಲ್ಲಿ ಇಟ್ಟ ಇನ್ನೊಂದು ಹೆಜ್ಜೆ.

೨. ಬೋಧೆ

ಭಾಷೆಯನ್ನು ಇಷ್ಟು ಉದಾರವಾಗಿ ಒಪ್ಪಿಸಿಕೊಟ್ಟ ಮಿಷನ್ನು ಬೋಧಪೀಠದ ವಿಷಯದಲ್ಲಿ ಅಷ್ಟೇ ಜಿಪುಣತನವನ್ನು ತೋರಿಸಿತೆಂಬುದಕ್ಕೆ ಹೆರ್ಮನ್ ಆನಂದರಾವ್ ಕೌಂಡಿನ್ಯನ ಜೀವಿತವು ನಿದರ್ಶನವಾಗಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಮೋಗ್ಲಿಂಗನ ಶಾಲೆಯಲ್ಲಿ ಕಲಿತು, ೧೮೪೪ರಲ್ಲಿ ದೀಕ್ಷಾಸ್ನಾನ ಪಡೆದ ಈ ತರುಣನು ೧೮೪೬ರಲ್ಲಿ ಗುರುವಿನೊಡನೆ ಯೂರೋಪಿಗೆ ಹೋಗಿ, ಬಾಸೆಲಿನ ಸೆಮಿನರಿಯಲ್ಲಿ ಜರ್ಮನ್ ವಿದ್ಯಾರ್ಥಿಗಳೊಡನೆ ಸಮಾನವಾಗಿ ವ್ಯಾಸಂಗಮಾಡಿ, ೧೮೫೧ರಲ್ಲಿ ಗುರುದೀಕ್ಷೆಯನ್ನು ಪಡೆದು ಹಿಂದಿರುಗಿದನು. ಅನಂತರ ೧೮೯೩ರಲ್ಲಿ ತೀರಿಕೊಳ್ಳುವವರೆಗೆ ಮಂಗಳೂರಿನಲ್ಲಿಯೂ ಕೊಡಗಿನ ಆನಂದಪುರದಲ್ಲಿಯೂ ಅವನು ಸೇವೆ ಸಲ್ಲಿಸಿದನು. ಸಭಾಪಾಲಕರಾಗಿ ದೀಕ್ಷೆ ಹೊಂದಿದ ಇತರ ಭಾರತೀಯರು ಅವನ ಜೀವಿತಕಾಲದಲ್ಲಿಯೇ ಹಲವರಾದರು. ಆದರೆ ಐರೋಪ್ಯರಿಗೆ ಸಮಾನವಾದ ಮಿಷನರಿಯ ಸ್ಥಾನವು ಕೌಂಡಿನ್ಯನಿಗೆ ದೊರೆತಂತೆ ಮತ್ತೊಬ್ಬ ದೇಶೀಯನಿಗೆ ದೊರೆಯಲಿಲ್ಲ. ಯೋಗ್ಯತೆಯು ಸಾಧ್ಯವೆಂದು ಒಬ್ಬನಲ್ಲಿ ಸಿದ್ಧಪಡಿಸಿದ ಮೇಲೆಯೂ ಅದನ್ನು ನಿಯಮವಾಗಿಸದೆ ಅಪವಾದವಾಗಿಯೇ ಉಳಿಸಿದುದು ಆಲೋಚನೆಗೆ ಅರ್ಹವಾದ ವಿಷಯ.

ಇದನ್ನು ಕೇವಲ ವರ್ಣಾಭಿಮಾನವೆಂದು ಹೇಳಿ ಮುಗಿಸುವುದು ಸುಲಭ. ಅದರ ಅಂಶವು ಇರಲಿಲ್ಲವೆಂದೂ ಹೇಳಲಾಗದು. ಆದರೆ ಕಾರಣವು ಅದಕ್ಕಿಂತ ಆಳವಾಗಿದೆ. ಮಿಷನರಿಗಳಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಹಳ್ಳಿಗಳಿಂದ ಬಂದವರು. ಅಂತರಂಗದ ಪರಿವರ್ತನೆಯನ್ನು ದೀರ್ಘಕಾಲ ಪರೀಕ್ಷಿಸಿದಲ್ಲದೆ ಯಾರನ್ನೂ ನಂಬಬಾರದೆಂಬುದು ಅವರ ಸಂಸ್ಕಾರ. ಅದಲ್ಲದೆ ಅವರೇ ಪರಾಧೀನರು. ಬಾಸೆಲಿನ ಕಮಿಟಿಯ ಅಪ್ಪಣೆಯಿಲ್ಲದೆ ಮಿಷನರಿಯೊಬ್ಬನು ವಿವಾಹವಾಗುವಂತಿರಲಿಲ್ಲ; ಠಾಣೆಯನ್ನು ಬದಲಾಯಿಸುವಂತಿರಲಿಲ್ಲ. ೧೮೫೦ರಿಂದ ೧೮೭೯ರವರೆಗೆ ಮಿಷನ್ನಿನ ಇನ್ಸ್‌ಪೆಕ್ಟರನಾಗಿದ್ದ ಯೋಸೆಫ್ ಯೋಸೆನ್‌ಹಾನ್ಸನು ೧೮೫೧-೫೨ರಲ್ಲಿ ಭಾರತಕ್ಕೆ ಬಂದು ಠಾಣೆಗಳನ್ನು ಸಂದರ್ಶಿಸಿದ ತರುವಾಯ ಈ ಆಜ್ಞಾಶ್ರೇಣಿಯು ಇನ್ನಷ್ಟು ಬಿಗಿಯಾಯಿತು. ಸ್ವಾತಂತ್ರ್ಯವನ್ನು ತಾವೇ ಅನುಭವಿಸದವರು ಅದನ್ನು ಇತರರಿಗೆ ಕೊಡಲು ಹಿಂಜರಿದುದು ಸ್ವಾಭಾವಿಕ. ವಿಧೇಯತೆಯೇ ವಿಶ್ವಾಸದ ಲಕ್ಷಣವೆಂದು ನಂಬಿದ್ದವರಿಗೆ ತಾವು ಹಿಂಜರಿಯುತ್ತಿದ್ದೇವೆಂಬ ಅರಿವೂ ಸುಲಭವಾಗಿ ಉಂಟಾಗುವಂತಿರಲಿಲ್ಲ.

ಆದಾಗ್ಯೂ ಇದೇ ವ್ಯವಸ್ಥೆಯು ತನಗರಿಯದಂತೆ ಒಂದು ಉಪಕಾರವನ್ನು ಮಾಡಿತು. ಸಭೆಗಳಲ್ಲಿ ಸಭಾಹಿರಿಯರ ಮಂಡಲಿಗಳಿದ್ದುವು. ಮದುವೆಯ ಮಾತುಕತೆ, ದಾಯಾದಿಗಳ ಜಗಳ, ಕುಡಿತ, ಭೂತದ ಕೋಲಕ್ಕೆ ಹೋದವನ ವಿಚಾರಣೆ, ಕರ್ತನ ರಾತ್ರಿಭೋಜನದಿಂದ ದೂರವಿಡಲ್ಪಟ್ಟವನನ್ನು ಮರಳಿ ಸೇರಿಸಿಕೊಳ್ಳುವುದು, ಇಂಥ ವಿಷಯಗಳಲ್ಲಿ ಅಂತಿಮ ಮಾತು ಮಿಷನರಿಯದಾಗಿದ್ದರೂ ಸಂಗತಿಯನ್ನು ಬಲ್ಲವರು ಹಿರಿಯರೇ. ಯಾವ ಮನೆಯಲ್ಲಿ ಯಾವ ಮಾತನ್ನು ಹೇಗೆ ಆಡಬೇಕು, ಯಾರ ತಪ್ಪನ್ನು ಸಭೆಯ ಮುಂದೆ ತರಬೇಕು, ಯಾರದನ್ನು ಜಗಲಿಯಲ್ಲಿಯೇ ತೀರಿಸಬೇಕು ಎಂಬ ವಿವೇಕವು ಸೆಮಿನರಿಯಲ್ಲಿ ಕಲಿಸುವ ವಿದ್ಯೆಯಲ್ಲ. ಜನರನ್ನು ಆಳುವ ಅಧಿಕಾರವು ದೊರೆಯದಿದ್ದರೂ ಜನರನ್ನು ಕಾಯುವ ಅಭ್ಯಾಸವು ಹೀಗೆ ದೇಶೀಯರಲ್ಲಿ ಎರಡು ಮೂರು ತಲೆಗಳ ಕಾಲ ಬೇರೂರಿತು.

೩. ಬೊಕ್ಕಸ

ಬೊಕ್ಕಸದ ಸ್ಥಿತಿಯು ಬೇರೆ. ಮತಾಂತರವಾದವನು ಮನೆಯಿಂದಲೂ ಜಮೀನಿನಿಂದಲೂ ಕುಲವೃತ್ತಿಯಿಂದಲೂ ಹೊರಬೀಳುತ್ತಿದ್ದ ಕಾಲದಲ್ಲಿ ಅವನಿಗೆ ಜೀವನೋಪಾಯವನ್ನು ಕಲ್ಪಿಸುವ ಸಲುವಾಗಿ ಮಿಷನ್ನು ಮಗ್ಗದ ಕಾರ್ಖಾನೆಗಳನ್ನು ತೆರೆಯಿತು. ೧೮೬೫ರಲ್ಲಿ ಗೇಯೋರ್ಗ್ ಪ್ಲೆಬ್‌ಸ್ಟನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಮುಂದೆ ಕುದ್ರೋಳಿ, ಮಲ್ಪೆ ಮೊದಲಾದೆಡೆಗಳಲ್ಲಿಯೂ ಮಲಬಾರಿನಲ್ಲಿಯೂ ಹಂಚಿನ ಉದ್ಯಮವು ಹಬ್ಬಿತು. ದಿನದ ಕೆಲಸವು ಪ್ರಾರ್ಥನೆಯಿಂದ ಆರಂಭವಾಗುತ್ತಿದ್ದ ಈ ಕಾರ್ಖಾನೆಗಳಲ್ಲಿ ಕೂಲಿಯವನು ಸಭೆಯ ಸದಸ್ಯನೂ ಹೌದು, ಸಂಬಳ ಕೊಡುವವನು ಸಭೆಯ ಪೋಷಕನೂ ಹೌದು. ಸಭಾಶಿಸ್ತಿಗೆ ಗುರಿಯಾದವನು ಅನ್ನಕ್ಕೂ ಅಂಜಬೇಕಾದ ಪರಿಸ್ಥಿತಿಯು ಇದರಿಂದ ಒದಗಿತು. ಉದ್ಯಮದ ಲಾಭನಷ್ಟಗಳ ಲೆಕ್ಕವು ಬಾಸೆಲಿನ ವ್ಯಾಪಾರ ಕಂಪೆನಿಗೆ ಸೇರಿದ್ದು. ಶಾಲೆ ಮತ್ತು ದೇವಾಲಯಗಳ ಆಸ್ತಿಯು ಮಿಷನ್ನಿಗೆ ಸೇರಿದ್ದು. ಸಭಾಪಾಲಕನ ಸಂಬಳವೂ ಬಹುಪಾಲು ಅಲ್ಲಿಂದಲೇ. ಸಭೆಯ ಹಿರಿಯರ ಕೈಗೆ ಬರುತ್ತಿದ್ದುದು ಭಾನುವಾರದ ಕಾಣಿಕೆಯೂ ಸುಗ್ಗಿಹಬ್ಬದಂದು ತಂದೊಪ್ಪಿಸಿದ ತೆಂಗಿನಕಾಯಿ, ಬಾಳೆಗೊನೆ, ಅಕ್ಕಿಗಳ ಸವಾಲಿನಿಂದ ಕೂಡಿದ ಅಲ್ಪಧನವೂ ಮಾತ್ರ. ಹಣದ ಹೊಣೆಯನ್ನು ಹೊತ್ತು ತಪ್ಪಿ ನಡೆದು ತಿದ್ದಿಕೊಳ್ಳುವ ಅವಕಾಶವು ಆ ಸಮಾಜಕ್ಕೆ ಒದಗಿರಲಿಲ್ಲ.

೪. ಮಹಾಯುದ್ಧದ ಪರೀಕ್ಷೆ

೧೯೧೪ರ ಆಗಸ್ಟಿನಲ್ಲಿ ಯುದ್ಧವು ಘೋಷಿತವಾದೊಡನೆ ಜರ್ಮನ್ ಮಿಷನರಿಗಳು ಶತ್ರುರಾಷ್ಟ್ರದ ಪ್ರಜೆಗಳಾದರು. ಕ್ರಮೇಣ ಗಂಡಸರು ಅಹಮದ್‌ನಗರದ ಬಂದೀಶಿಬಿರವನ್ನು ಸೇರಿದರು. ೧೯೧೫-೧೬ರಲ್ಲಿ ಬಹುಮಂದಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಸ್ವಿಸ್ ಪ್ರಜೆಗಳಾಗಿದ್ದ ಕೆಲವರು ಕೆಲಕಾಲ ಉಳಿದರಾದರೂ ಎಂಬತ್ತು ವರ್ಷಗಳ ಆಡಳಿತಯಂತ್ರವು ಕೆಲವೇ ತಿಂಗಳುಗಳಲ್ಲಿ ಕಳಚಿತು.

ಇಲ್ಲಿಯೇ ಮೇಲೆ ಹೇಳಿದ ಅನುಕ್ರಮವು ಪ್ರತ್ಯಕ್ಷವಾಗುತ್ತದೆ. ಆರಾಧನೆಯು ನಿಲ್ಲಲಿಲ್ಲ. ೧೮೬೨ರಲ್ಲಿ ಕಟ್ಟಿದ ಬಲ್ಮಠದ ದೇವಾಲಯದಲ್ಲಿ ಪ್ರಸಂಗ ಮಾಡಲು ದೇಶೀಯ ಸಭಾಪಾಲಕನಿಗೆ ಬೇಕಾದ ಗ್ರಂಥಗಳೆಲ್ಲ ಮಂಗಳೂರಿನ ಮುದ್ರಣಾಲಯದಲ್ಲಿಯೇ ಅಚ್ಚಾದುವು. ಹಾಡುವ ಜನರಿಗೆ ರಾಗಗಳು ಜರ್ಮನಿಯವಾದರೂ ಮಾತುಗಳು ತಮ್ಮವು. ದೀಕ್ಷಾಸ್ನಾನ, ಮದುವೆ, ಮಣ್ಣುಮಾಡುವುದು, ಶಾಲೆಗಳ ಮೇಲ್ವಿಚಾರಣೆ, ಎಲ್ಲವನ್ನೂ ಅದುವರೆಗೆ ಎರಡನೆಯ ಸಾಲಿನಲ್ಲಿದ್ದ ಸಭಾಪಾಲಕರೂ ಉಪದೇಶಿಗಳೂ ವಹಿಸಿಕೊಂಡರು. ಬೋಧೆಯ ಅಧಿಕಾರವು ಯಾವ ಕಮಿಟಿಯ ನಿರ್ಣಯವೂ ಇಲ್ಲದೆ ಸನ್ನಿವೇಶದ ಬಲದಿಂದಲೇ ದಾಟಿತು. ಬೊಕ್ಕಸವು ಮಾತ್ರ ದಾಟಲಿಲ್ಲ. ಕಾರ್ಖಾನೆಗಳೂ ವ್ಯಾಪಾರವೂ ಶತ್ರುಸ್ವತ್ತೆಂದು ಸರಕಾರದ ವಶವಾಗಿ, ೧೯೧೯ರಲ್ಲಿ ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುವು. ಯಾರ ಬದುಕಿಗಾಗಿ ಅವು ಸ್ಥಾಪಿತವಾಗಿದ್ದುವೋ ಆ ಸಭೆಗಳಿಗೆ ಅವುಗಳ ಮೇಲೆ ಶಾಸನಬದ್ಧವಾದ ಯಾವ ಹಕ್ಕೂ ಇರಲಿಲ್ಲವೆಂಬುದು ಅಂದು ಬಯಲಾಯಿತು.

ಜರ್ಮನ್ ಮಿಷನರಿಗಳ ನಿರ್ಗಮನದಿಂದ ಇದೇ ಕಷ್ಟಕ್ಕೆ ಸಿಕ್ಕಿದ ಇತರ ಸಭೆಗಳೊಡನೆ ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಗೋಸ್ನರ್ ಮಿಷನ್ನಿನ ಛೋಟಾ ನಾಗಪುರದ ಸಭೆಯು ೧೯೧೯ರ ಜುಲೈಯಲ್ಲಿ ತನ್ನ ಸ್ವಾಯತ್ತತೆಯನ್ನು ಘೋಷಿಸಿತು. ಲೈಪ್‌ಜಿಗ್ ಮಿಷನ್ನಿನ ತಮಿಳು ಸಭೆಯು ಅದೇ ವರ್ಷದ ಜನವರಿಯಲ್ಲಿ ತಮಿಳು ಸುವಾರ್ತಾ ಲೂಥರನ್ ಸಭೆಯೆಂದು ಸಂಘಟಿತವಾಯಿತು. ಮಲಬಾರಿನ ಬಾಸೆಲ್ ಸಭೆಗಳು ದಕ್ಷಿಣ ಭಾರತ ಐಕ್ಯಸಭೆಯನ್ನು ಸೇರಿದುವು. ಕನ್ನಡ ಸೀಮೆಯಲ್ಲಾದರೋ ಫ್ರೆಂಚ್ ಭಾಷೆಯ ಸ್ವಿಟ್ಜರ್ಲೆಂಡಿನವರ ನೆರವಿನಿಂದ ರೂಪುಗೊಂಡ ಕ್ಯಾನರೀಸ್ ಇವ್ಯಾಂಜೆಲಿಕಲ್ ಮಿಷನ್ ಎಂಬ ಸಂಸ್ಥೆಯು ಹೊಣೆಯನ್ನು ಹೊತ್ತಿತು. ಮುಂದಿನ ದಶಕದಲ್ಲಿ ಬಾಸೆಲ್ ಮಿಷನ್ನೇ ಮರಳಿ ಬಂದಿತು. ಕನ್ನಡ ಸಭೆಗಳಿಗೆ ಶ್ರದ್ಧೆಯು ಕಡಮೆಯಿದ್ದುದರಿಂದ ಅವು ತಾವೇ ನಿಲ್ಲಲಿಲ್ಲವೆಂದು ಹೇಳಲಾಗದು. ಅವುಗಳ ಐಹಿಕ ಜೀವನವು ಮಿಷನ್ನಿನ ಉದ್ಯಮದೊಡನೆ ಅತಿಯಾಗಿ ಹೆಣೆದುಕೊಂಡಿದ್ದುದೇ ಅವುಗಳನ್ನು ಮತ್ತೊಮ್ಮೆ ಪೋಷಕನ ಕಡೆಗೆ ತಿರುಗಿಸಿತೆಂದು ಊಹಿಸುವುದು ನ್ಯಾಯ.

೫. ಉತ್ತಂಗಿ ಚನ್ನಪ್ಪನವರ ಪೀಳಿಗೆ

ಈ ಅಂತರದ ಕಾಲದಲ್ಲಿ ಬೆಳೆದ ನೇತೃತ್ವದ ಗುಣವನ್ನು ರೆವರೆಂಡ್ ಉತ್ತಂಗಿ ಚನ್ನಪ್ಪನವರಲ್ಲಿ (೧೮೮೧–೧೯೬೨) ಕಾಣಬಹುದು. ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ದೇವಜ್ಞಾನವನ್ನು ಕಲಿತು, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ಉತ್ತರ ಕರ್ನಾಟಕದಲ್ಲಿ ಸೇವೆಮಾಡಿದ ಇವರು ಹಳ್ಳಿಹಳ್ಳಿಗಳಲ್ಲಿ ಹಸ್ತಪ್ರತಿಗಳನ್ನೂ ಜನರ ಬಾಯಲ್ಲಿದ್ದ ತ್ರಿಪದಿಗಳನ್ನೂ ಕೂಡಿಸಿ ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು; ೧೯೪೯ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆಯು ಅವರಿಗೆ ಸಂದಿತು. ಸಭೆಯ ಹೊರಗಣ ಕನ್ನಡ ಸಮಾಜವು ಕ್ರೈಸ್ತ ಪಾದ್ರಿಯೊಬ್ಬನನ್ನು ತನ್ನ ಹಿರಿಯನೆಂದು ಒಪ್ಪಿದುದು ಯಾವ ಮಿಷನ್ನೂ ಕೊಡಲಾರದ ಅಧಿಕಾರ. ಗುರುಮಠಗಳ ಕಟ್ಟೆಯ ಮೇಲೆ ಕುಳಿತು ಶರಣರ ವಚನವನ್ನು ಚರ್ಚಿಸಿ, ಅದೇ ಸಂಜೆ ತನ್ನ ಸಭೆಯಲ್ಲಿ ಸುವಾರ್ತೆಯನ್ನು ಸಾರಬಲ್ಲ ನಿರ್ಭಯವು ಶ್ರದ್ಧೆಯ ಸ್ಥೈರ್ಯದಿಂದ ಮಾತ್ರ ಬರುವಂಥದು. ಮೊದಲು ದಾಟಿದ ಭಾಷೆಯೇ ಇಲ್ಲಿ ನೇತೃತ್ವದ ಆಧಾರವಾಯಿತೆಂಬುದನ್ನು ಗಮನಿಸಬೇಕು.

೬. ಐಕ್ಯದ ದಾರಿ ಮತ್ತು ಉಳಿದ ಪ್ರಶ್ನೆ

೧೯೧೯ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ವೇದನಾಯಕಂ ಸಾಮುವೆಲ್ ಅಜರಯ್ಯ ಮೊದಲಾದವರು ಹೊರಡಿಸಿದ ಮನವಿಯಿಂದ ಆರಂಭವಾದ ಐಕ್ಯದ ಸಂಧಾನವು ಮುಗಿಯಲು ಇಪ್ಪತ್ತೆಂಟು ವರ್ಷಗಳು ಹಿಡಿದುವು. ವಿವಾದವೆಲ್ಲ ಬೋಧೆಯ ಅಧಿಕಾರವನ್ನು ಕುರಿತದ್ದು: ಬಿಷಪರ ಹಸ್ತದಿಂದ ದೀಕ್ಷೆ ಪಡೆಯದವನ ಸೇವೆಯು ಸಿಂಧುವೇ, ಅಲ್ಲವೇ ಎಂಬುದು. ಈಗಾಗಲೇ ದೀಕ್ಷಿತರಾದವರಿಗೆ ಪುನರ್ದೀಕ್ಷೆ ಬೇಡವೆಂದೂ, ಮೂವತ್ತು ವರ್ಷಗಳ ಸಂಧಿಕಾಲದಲ್ಲಿ ಎರಡು ಬಗೆಯ ಸೇವಕರೂ ಜೊತೆಯಾಗಿ ನಡೆಯಲೆಂದೂ ಮಾಡಿದ ಏರ್ಪಾಡು ಸಂಕ್ರಮಣವನ್ನೇ ಸಂವಿಧಾನವಾಗಿಸಿದ ವಿರಳವಾದ ಉಪಾಯ. ಬಾಸೆಲ್ ಪರಂಪರೆಯ ಕನ್ನಡ ಸಭೆಗಳು ಈ ಐಕ್ಯವನ್ನು ತಡವಾಗಿ ಸೇರಿದುವು. ೧೯೭೦ರಲ್ಲಿ ಮೈಸೂರು ಸಭಾಪ್ರಾಂತ್ಯವು ಉತ್ತರ, ಮಧ್ಯ, ದಕ್ಷಿಣವೆಂದು ಮೂರಾದಾಗ ಧಾರವಾಡವೂ ಮಂಗಳೂರೂ ಬಿಷಪರ ಪೀಠಗಳಾದುವು.

ದೇವಶಾಸ್ತ್ರದ ಸೂಕ್ಷ್ಮಗಳಿಗೆ ಇಪ್ಪತ್ತೆಂಟು ವರ್ಷಗಳನ್ನು ಮೀಸಲಿಟ್ಟ ಹಿರಿಯರು ಆಸ್ತಿಯ ಆಡಳಿತಕ್ಕೆ ಅದೇ ತಾಳ್ಮೆಯ ವಿಚಾರವನ್ನು ಕೊಡಲಿಲ್ಲ. ನಿವೇಶನಗಳೂ ಶಾಲೆಗಳೂ ಆಸ್ಪತ್ರೆಗಳೂ ಟ್ರಸ್ಟಿನ ಹೆಸರಿಗೆ ಬಂದುವು. ಅವನ್ನು ನಡೆಯಿಸುವ ಶಿಕ್ಷಣವು ಜೊತೆಯಲ್ಲಿ ಬರಲಿಲ್ಲ. ಇಂದು ದಕ್ಷಿಣ ಭಾರತದ ಸಭೆಗಳಲ್ಲಿ ನ್ಯಾಯಾಲಯದ ಮೆಟ್ಟಲೇರುವ ವ್ಯಾಜ್ಯಗಳು ತತ್ತ್ವವನ್ನು ಕುರಿತವುಗಳಿಗಿಂತ ಚುನಾವಣೆಯನ್ನೂ ಸ್ವತ್ತನ್ನೂ ಕುರಿತವುಗಳೇ ಹೆಚ್ಚು. ಇದನ್ನು ಈ ಪೀಳಿಗೆಯ ನೈತಿಕ ಪತನವೆಂದು ಮರುಗುವುದಕ್ಕಿಂತ ಹಸ್ತಾಂತರದ ಅನುಕ್ರಮದ ಫಲವೆಂದು ತಿಳಿಯುವುದು ಚರಿತ್ರೆಗೆ ಹೆಚ್ಚು ಸಮೀಪ. ಒಂದು ಸಮಾಜವು ತನ್ನ ಮುಂದಾಳುಗಳನ್ನು ಪ್ರಾರ್ಥನೆಯಲ್ಲಿ ನಂಬಿ ಲೆಕ್ಕದಲ್ಲಿ ನಂಬದೆಹೋದರೆ, ಆ ಮುಂದಾಳುಗಳು ಪ್ರಾರ್ಥನೆಯಲ್ಲಿ ಪಕ್ವರಾಗಿಯೂ ಲೆಕ್ಕದಲ್ಲಿ ಬಾಲರಾಗಿಯೂ ಉಳಿಯುತ್ತಾರೆ. ಸಭೆಯ ಎಲ್ಲರ ಕಣ್ಣೆದುರಿಗೆ ಚಿಕ್ಕ ಮೊತ್ತವನ್ನು ನಿರ್ವಹಿಸುವ ಅಭ್ಯಾಸವು ಸುಗ್ಗಿಹಬ್ಬದ ಸವಾಲಿನಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಮೆಟ್ಟಲು ಮೆಟ್ಟಲಾಗಿ ಶಾಲೆಗೂ ಕಾರ್ಖಾನೆಗೂ ವಿಸ್ತರಿಸುವ ಕಾರ್ಯವನ್ನು ಮಿಷನ್ನು ಮಾಡಲಿಲ್ಲ, ಅದರ ಉತ್ತರಾಧಿಕಾರಿಗಳೂ ಮಾಡಲಿಲ್ಲ. ಆ ಕಾರ್ಯವು ನಡೆಯುವವರೆಗೆ ಈ ಸಂಕ್ರಮಣಕಾಲವು ಮುಗಿಯಿತೆಂದು ಹೇಳುವ ಅಧಿಕಾರವು ಸಭಾಚರಿತ್ರೆಯನ್ನು ಬರೆಯುವವರಿಗಿಲ್ಲ.