ಮನೆ ಮಾರಾಟ ಫಲಕಗಳು: ಅಮೆರಿಕದ ಸ್ಥಳೀಯ ನಿಯಮಗಳು

ಮಾರಾಟಕ್ಕೋ ಬಾಡಿಗೆಗೋ ಇರುವ ಮನೆಯ ಮುಂದೆ ತಾತ್ಕಾಲಿಕವಾಗಿ ನೆಡುವ ಫಲಕದ ಅಳತೆ, ಸಂಖ್ಯೆ, ಜಾಗ ಮತ್ತು ತೆಗೆಯುವ ಗಡುವನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ಆಯಾ ಊರಿನ ಸ್ಥಳೀಯಾಡಳಿತವೇ ಗೊತ್ತುಪಡಿಸುತ್ತದೆ. ಈ ಅಧಿಕಾರಕ್ಕೆ ಮಿತಿ ಹಾಕಿದ ಮುಖ್ಯ ತೀರ್ಪು ನ್ಯೂಜೆರ್ಸಿಯ ವಿಲಿಂಗ್‌ಬೊರೊ ಪಟ್ಟಣದ್ದು. 1960ರ ದಶಕದಲ್ಲಿ ಅಲ್ಲಿ ಕಪ್ಪು ಜನರ ಸಂಖ್ಯೆ ಏರಿತು. 1970ರ ನಂತರ ಬಿಳಿಯರ ಸಂಖ್ಯೆ ಇಳಿಯತೊಡಗಿತು. ಸಾಲುಸಾಲು ಫಲಕ ಕಂಡು ಬಿಳಿಯರು ಗಾಬರಿಯಿಂದ ಮನೆ ಮಾರುತ್ತಾರೆಂದು ಹೆದರಿದ ಆಡಳಿತ 1974ರಲ್ಲಿ ‘ಮಾರಾಟಕ್ಕಿದೆ’, ‘ಮಾರಾಟವಾಗಿದೆ’ ಫಲಕಗಳನ್ನು ನಿಷೇಧಿಸಿತು. ಎಲ್ಲ ವರ್ಣದವರೂ ಕೂಡಿ ಬಾಳಬೇಕೆಂಬ ಉದ್ದೇಶ ನಿಜಕ್ಕೂ ಒಳ್ಳೆಯದೇ. ಹಿಡಿದ ದಾರಿ ಮಾತ್ರ ತಪ್ಪು. ಸುಪ್ರೀಂ ಕೋರ್ಟ್ 1977ರ ಲಿನ್‌ಮಾರ್ಕ್ ಪ್ರಕರಣದಲ್ಲಿ ಒಮ್ಮತದಿಂದ ನಿಷೇಧವನ್ನು ರದ್ದುಪಡಿಸಿತು. ತೀರ್ಪು ಬರೆದವರು ಆ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಜನ ತಪ್ಪು ನಿರ್ಧಾರ ಕೈಗೊಂಡಾರೆಂಬ ಭಯದಿಂದ ಸತ್ಯವಾದ ಮಾಹಿತಿಯನ್ನು ಸರ್ಕಾರ ಮುಚ್ಚಿಡುವಂತಿಲ್ಲ ಎಂಬುದು ಅದರ ತಿರುಳು. ಪತ್ರಿಕಾ ಜಾಹೀರಾತಿಗೆ ಖರ್ಚು ಹೆಚ್ಚು, ಅದು ಅಂಗಳದ ಫಲಕಕ್ಕೆ ಸಮನಲ್ಲ ಎಂದೂ ಕೋರ್ಟ್ ಗುರುತಿಸಿತು. ಅರಿಜೋನಾದ ಗಿಲ್ಬರ್ಟ್ ಪಟ್ಟಣದ ಪ್ರಕರಣದಲ್ಲಿ 2015ರಲ್ಲಿ ಅದೇ ಕೋರ್ಟ್ ನೀಡಿದ ತೀರ್ಪು, ಬರಹದ ವಿಷಯ ನೋಡಿ ಫಲಕಗಳಿಗೆ ಬೇರೆಬೇರೆ ನಿಯಮ ಹೇರುವುದನ್ನು ಇನ್ನಷ್ಟು ಕಠಿಣ ಪರೀಕ್ಷೆಗೆ ಒಳಪಡಿಸಿತು. ಆದರೂ ಫಲಕಗಳ ಗಾತ್ರ, ಜಾಗಗಳನ್ನು ನಿಯಂತ್ರಿಸುವ ಅಧಿಕಾರ ಊರುಗಳಿಗೆ ಈಗಲೂ ಇದೆ.