ನೋಟಕ್ಕೂ ಒಂದು ಮರ್ಯಾದೆ



ಥಾಣೆಯಿಂದ ನವಿಮುಂಬಯಿ ಕಡೆಗೆ ಟ್ರಾನ್ಸ್ ಹಾರ್ಬರ್ ಲೋಕಲ್ ಓಡಲು ಶುರುವಾದದ್ದು 2004ರಲ್ಲಿ. ಇಂದು ಸಂಜೆ ಹೊತ್ತು ರಬಾಳೆ ಸ್ಟೇಷನ್ನಿನಲ್ಲಿ ನಿಂತರೆ ನಮ್ಮ ಊರುಗಳೆಲ್ಲ ಒಂದೇ ಪ್ಲಾಟ್‌ಫಾರ್ಮಿಗೆ ಬಂದಂತೆ ಕಾಣುತ್ತದೆ. ಎಂ.ಐ.ಡಿ.ಸಿ. ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದ ಕಲಬುರಗಿಯ ಹುಡುಗ, ಹೋಟೆಲ್ ಕೆಲಸದ ಉಡುಪಿಯವರು, ಕಂಪ್ಯೂಟರ್ ಕಂಪನಿಯ ಹುಡುಗಿಯರು, ತಲೆಯ ಮೇಲೆ ಸೆರಗು ಹೊದ್ದ ಅಜ್ಜಿ, ಮೊಣಕಾಲಿನ ಮೇಲಕ್ಕೇ ನಿಲ್ಲುವ ಚಡ್ಡಿ ತೊಟ್ಟ ಕಾಲೇಜು ವಿದ್ಯಾರ್ಥಿನಿ. ಉಡುಪಿನ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗುತ್ತದೆ. ಆದರೆ ಆ ಉಡುಪನ್ನು ನೋಡುವ ಕಣ್ಣಿನ ಬಗ್ಗೆ? ಅಪರಿಚಿತರನ್ನು ಹೇಗೆ ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂದು ನಮಗೆ ಕಲಿಸಿದವರು ಯಾರು?

ಇದು ಮುಂಬಯಿಯಲ್ಲಿ ಹುಟ್ಟಿದ ಪ್ರಶ್ನೆ ಎಂದುಕೊಂಡಿದ್ದರೆ, ಬನ್ನಿ, ಎಂಟುನೂರು ವರ್ಷಕ್ಕೂ ಹಿಂದಕ್ಕೆ ಹೋಗೋಣ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಉಡುಗಣಿ, ಅಂದರೆ ಅಂದಿನ ಉಡುತಡಿ, ಅಕ್ಕಮಹಾದೇವಿಯ ಊರು. 12ನೇ ಶತಮಾನದ ಈ ತರುಣಿ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು, ನೀಳಗೂದಲನ್ನೇ ಮೈಗೆ ಮರೆಮಾಡಿಕೊಂಡು ಕಲ್ಯಾಣಕ್ಕೆ ನಡೆದಳು ಎಂಬುದು ನಾವೆಲ್ಲ ಬಲ್ಲ ಕಥೆ. ಅಲ್ಲಿ ಅಲ್ಲಮಪ್ರಭು ಆಕೆಯನ್ನು ಪರೀಕ್ಷಿಸಿದ ಪ್ರಸಂಗವನ್ನು 15ನೇ ಶತಮಾನದ ‘ಶೂನ್ಯಸಂಪಾದನೆ’ ವಿವರವಾಗಿ ಹೇಳುತ್ತದೆ. ಎಲ್ಲವನ್ನೂ ಬಿಟ್ಟವಳಿಗೆ ಈ ಕೂದಲ ಮರೆ ಯಾಕೆ ಎಂಬುದು ಅಲ್ಲಮನ ಪ್ರಶ್ನೆ. ನೋಡುವವರಾದ ನಿಮಗೆ ತೊಂದರೆಯಾಗದಿರಲಿ ಎಂದು, ಎಂಬುದು ಆಕೆಯ ಉತ್ತರದ ಸಾರ.

‘ನೋಡಿ, ಅಕ್ಕನೇ ಮೈ ಮುಚ್ಚಿಕೊಂಡಳಲ್ಲ!’ ಎಂದು ಇಲ್ಲಿ ಕೆಲವರು ಬೆರಳೆತ್ತಬಹುದು. ಸ್ವಲ್ಪ ತಾಳಿ. ಅದು ಆಕೆ ತಾನಾಗಿ ತೋರಿದ ಕರುಣೆ, ಯಾರೋ ಹಾಕಿದ ಅಪ್ಪಣೆಯಲ್ಲ. ಚಂಚಲವಾಗುವುದು ತನ್ನ ಮೈಯಲ್ಲ, ನೋಡುವವರ ಮನಸ್ಸು ಎಂಬುದನ್ನು ಆಕೆ ಆ ಉತ್ತರದಲ್ಲೇ ಹೇಳಿಬಿಟ್ಟಿದ್ದಾಳೆ. ಇನ್ನೂ ಒಂದು ಮಾತಿದೆ. ಸಭೆಯಲ್ಲಿದ್ದ ಶರಣರಲ್ಲಿ ಎಷ್ಟೋ ಮಂದಿ ವಯಸ್ಸಿನಲ್ಲಿ ಆಕೆಗಿಂತ ಹಿರಿಯರು. ಆದರೂ ಕನ್ನಡನಾಡು ಆಕೆಯನ್ನು ಕರೆದದ್ದು ‘ಅಕ್ಕ’ ಎಂದು. ಆ ಒಂದು ಸಂಬೋಧನೆಯೇ ನೋಟಕ್ಕೆ ಹಾಕಿದ ಲಗಾಮು. ಹೆಸರು ಬದಲಾದಾಗ ಕಣ್ಣೂ ಬದಲಾಯಿತು.

ಅದೇ ಜಿಲ್ಲೆಯಲ್ಲಿ, ಪಕ್ಕದ ಸೊರಬ ತಾಲೂಕಿನಲ್ಲಿ ಚಂದ್ರಗುತ್ತಿ ಇದೆ. ಅಲ್ಲಿನ ರೇಣುಕಾಂಬೆಗೆ ಹರಕೆ ಹೊತ್ತ ಗಂಡಸರು, ಹೆಂಗಸರು, ಮಕ್ಕಳು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ಬೆಟ್ಟದ ಗುಡಿಗೆ ಹೋಗುವ ಸೇವೆ ಇತ್ತು. ಸೇವೆ ಸಲ್ಲಿಸುತ್ತಿದ್ದವರಲ್ಲಿ ಬಹುಪಾಲು ದಲಿತರು, ಹಿಂದುಳಿದ ಜಾತಿಗಳ ಬಡವರು. ಊರವರಿಗೆ, ಜೊತೆಯ ಭಕ್ತರಿಗೆ ಅದು ಹರಕೆ. 1980ರ ದಶಕದಲ್ಲಿ ಇದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನೋಡಲೆಂದೇ ಜನ ಬರತೊಡಗಿದರು, ಕ್ಯಾಮೆರಾಗಳೂ ಬಂದವು. ಭಕ್ತಿಯ ಹಾದಿ ಪ್ರದರ್ಶನದ ಹಾದಿಯಾಯಿತು.

ಬಡ ಹೆಣ್ಣುಮಕ್ಕಳ ಮಾನ ಹೀಗೆ ಬೀದಿಗೆ ಬೀಳಬಾರದೆಂದು ದಲಿತ ಸಂಘರ್ಷ ಸಮಿತಿ ಮತ್ತಿತರ ಸಂಘಟನೆಗಳು 1986ರ ಮಾರ್ಚ್‌ನಲ್ಲಿ ಭಕ್ತರ ಮನವೊಲಿಸಲು ಅಲ್ಲಿಗೆ ಹೋದವು. ಆದದ್ದು ಬೇರೆಯೇ. ರೊಚ್ಚಿಗೆದ್ದ ಗುಂಪು ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಯು.ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಕುರಿತು ಬರೆದ ಪ್ರಬಂಧದಿಂದ ಈ ಚರ್ಚೆ ಸಾಹಿತ್ಯಲೋಕದಲ್ಲೂ ಬಹುಕಾಲ ನಡೆಯಿತು. ನಿಷೇಧ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ವಾದ ವಿವಾದಗಳ ನಡುವೆ ಒಂದು ಗುಂಪು ಸದ್ದಿಲ್ಲದೆ ತಪ್ಪಿಸಿಕೊಂಡಿತು. ಪೂಜೆಗೂ ಬರದೆ, ಪ್ರತಿಭಟನೆಗೂ ಬರದೆ, ಬರೀ ನೋಡುವುದಕ್ಕೆ ಬಂದವರ ಗುಂಪು ಅದು. ಅವರನ್ನು ಯಾರೂ ಹೆಚ್ಚು ಪ್ರಶ್ನಿಸಲಿಲ್ಲ.

ಹಾಗಾದರೆ ಮೈ ಕಂಡರೆ ಕಣ್ಣು ಕೆಡಲೇಬೇಕೇ? ಇಲ್ಲ. ನಮ್ಮ ಅಜ್ಜಿ, ಮುತ್ತಜ್ಜಿಯರ ಕಾಲದಲ್ಲಿ ಎಷ್ಟೋ ಹಳ್ಳಿಗಳಲ್ಲಿ ರವಿಕೆ ತೊಡದ ಹೆಂಗಸರು ಗದ್ದೆಯಲ್ಲಿ ದುಡಿಯುತ್ತಿದ್ದರು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರ ಉಡುಪು ಅದೇ. ಭುಜ, ಬೆನ್ನು ಬರಿದಾಗಿ ಬಿಟ್ಟು ಉಡುವ ಸೀರೆ, ಕೊರಳ ತುಂಬ ಮಣಿಸರ. ಅಂಕೋಲಾ ತಾಲೂಕಿನ ತುಳಸಿ ಗೌಡರು 2021ರ ನವೆಂಬರಿನಲ್ಲಿ ಅದೇ ಉಡುಪಿನಲ್ಲಿ, ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದು ಪದ್ಮಶ್ರೀ ಸ್ವೀಕರಿಸಿದಾಗ ದೇಶವೇ ಕೈಮುಗಿಯಿತು. 2024ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಮತ್ತೆ ಅದೇ ಚಿತ್ರವನ್ನು ಪ್ರಕಟಿಸಿದವು. ಇನ್ನು ಯೋಚಿಸಿ, ಅಷ್ಟೇ ಭುಜ ಕಾಣುವ ಅಂಗಿ ತೊಟ್ಟ ಹುಡುಗಿ ಘಣ್ಸೋಲಿಯಲ್ಲಿ ರೈಲು ಹತ್ತಿದರೆ? ಬಟ್ಟೆಯ ಅಳತೆ ಒಂದೇ. ಬೇರೆಯಾದದ್ದು ಏನು?

ಊರಲ್ಲಿ ನೋಟವನ್ನು ಕಾಯುತ್ತಿದ್ದದ್ದು ಸಂಬಂಧ. ಎದುರಿಗೆ ಬಂದವಳು ಯಾರ ಮಗಳು, ಯಾರ ಸೊಸೆ ಎಂದು ಗೊತ್ತಿತ್ತು. ಅಕ್ಕ, ಅತ್ತೆ, ಚಿಕ್ಕಮ್ಮ ಎನ್ನುವ ಹೆಸರುಗಳು ಕಣ್ಣಿಗೆ ದಾರಿ ತೋರಿಸುತ್ತಿದ್ದವು. ಮಹಾನಗರದಲ್ಲಿ ಆ ಹೆಸರುಗಳಿಲ್ಲ. ಹಾಗೆಂದು ಇಲ್ಲಿ ಮರ್ಯಾದೆಯೇ ಇಲ್ಲವೇ? ಇದೆ, ಆದರೆ ಅದು ಬೇರೆ ಥರದ್ದು. ಅಮೆರಿಕದಲ್ಲಿದ್ದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರ ಒಂದು ಪುಸ್ತಕದಲ್ಲಿ ಇದನ್ನು ಗುರುತಿಸಿದ್ದಾರೆ. ನಗರದ ಜನ ಎದುರಿನ ಅಪರಿಚಿತರನ್ನು ಒಮ್ಮೆ ನೋಡುತ್ತಾರೆ, ನೀವಿರುವುದು ಗೊತ್ತಾಯಿತು ಎಂಬಂತೆ. ಕೂಡಲೇ ದೃಷ್ಟಿ ಬೇರೆಡೆಗೆ ಹೊರಳಿಸುತ್ತಾರೆ, ನಿಮ್ಮ ಗೊಡವೆ ನನಗೆ ಬೇಡ ಎಂಬಂತೆ. ನೋಡಿಯೂ ನೋಡದಂತಿರುವ ಸೌಜನ್ಯ ಇದು. ಮುಂಬಯಿ ಲೋಕಲ್ಲಿನಲ್ಲಿ ಮೈಗೆ ಮೈ ತಾಗಿ ನಿಂತ ಜನ ಒಂದು ಗಂಟೆ ಪಯಣಿಸಬಲ್ಲರು ಎಂದರೆ ಅದಕ್ಕೆ ಈ ಸೌಜನ್ಯವೇ ಕಾರಣ.

ಅದು ಸಾಲದಾದಾಗ ವ್ಯವಸ್ಥೆ ಬೇಕಾಯಿತು. ಮಹಿಳೆಯರ ಡಬ್ಬಿಗಳು ಬಂದವು. 1992ರ ಮೇ 5ರಂದು ಚರ್ಚ್‌ಗೇಟ್–ಬೊರಿವಿಲಿ ನಡುವೆ ಇಡೀ ರೈಲೇ ಮಹಿಳೆಯರಿಗಾಗಿ ಓಡಿತು. 2013ರಲ್ಲಿ ಕಾನೂನು ಬಿಗಿಯಾಯಿತು. ಖಾಸಗಿ ಸ್ಥಿತಿಯಲ್ಲಿರುವ ಹೆಣ್ಣನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು, ಬೇಡವೆಂದರೂ ಹಿಂಬಾಲಿಸುವುದು ಪ್ರತ್ಯೇಕ ಅಪರಾಧಗಳಾದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77 ಮತ್ತು 78ನೇ ಕಲಮುಗಳು ಇವೇ. ಆದರೂ ಎದುರಿನ ಸೀಟಿನಿಂದ ಎವೆಯಿಕ್ಕದೆ ನೋಡುವ ಪ್ರತಿಯೊಂದು ಕಣ್ಣಿಗೂ ಕಾನೂನು ಕಾವಲು ನಿಲ್ಲಲಾರದು. ಅಲ್ಲಿಂದ ಮುಂದಿನದು ನಮ್ಮ ಮನೆಯ ಕೆಲಸ.

ಮನೆಯಲ್ಲಿ ನಾವು ಹೆಣ್ಣುಮಕ್ಕಳಿಗೆ ‘ಸರಿಯಾಗಿ ಬಟ್ಟೆ ಹಾಕಿಕೋ’ ಎನ್ನುತ್ತೇವೆ. ಗಂಡುಮಕ್ಕಳಿಗೆ ‘ಸರಿಯಾಗಿ ನೋಡು’ ಎಂದು ಹೇಳಿದ್ದೇವೆಯೇ? ಊರಿಂದ ಮೊನ್ನೆ ಮೊನ್ನೆ ಬಂದು ನಿಮ್ಮ ಖೋಲಿಯಲ್ಲಿ ಉಳಿದುಕೊಂಡ ತಮ್ಮನಿಗೋ ಸೋದರಳಿಯನಿಗೋ ರೈಲು ಹತ್ತುವುದು, ಪಾಸ್ ತೆಗೆಸುವುದು ಕಲಿಸುತ್ತೀರಲ್ಲ, ಇದನ್ನೂ ಕಲಿಸಿ. ಕಣ್ಣಿಗೆ ಬಿದ್ದದ್ದು ತಪ್ಪಲ್ಲಪ್ಪಾ, ಕಣ್ಣು ನೆಡುವುದು ತಪ್ಪು. ಮಾತಾಡುವ ಪ್ರಸಂಗ ಬಂದರೆ ಮುಖ ನೋಡಿ ಮಾತಾಡು. ಜೊತೆಗಾರನಿಗೆ ಮೊಣಕೈ ತಿವಿದು ತೋರಿಸಬೇಡ. ಮೊಬೈಲ್ ಕ್ಯಾಮೆರಾ ಅತ್ತ ತಿರುಗಿಸಲೇಬೇಡ. ಆಕೆ ನಿನಗೆ ಅಕ್ಕ ತಂಗಿ ಆಗಬೇಕಾಗಿಯೂ ಇಲ್ಲ, ನಿನ್ನ ಹಾಗೆಯೇ ಟಿಕೆಟ್ ಕೊಂಡು ಮನೆಗೆ ಹೊರಟ ಒಬ್ಬ ಪ್ರಯಾಣಿಕಳು ಎಂದು ತಿಳಿದರೆ ಸಾಕು.

ನಮ್ಮಲ್ಲಿ ‘ದೃಷ್ಟಿ ತಾಗಿತು’ ಎಂಬ ಮಾತಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ನೋಟ ತಾಗುತ್ತದೆ, ನೋಯಿಸುತ್ತದೆ ಎಂಬಷ್ಟನ್ನಂತೂ ನಮ್ಮ ಹಿರಿಯರು ಬಲ್ಲವರಾಗಿದ್ದರು. ದಿನವೂ ಲೋಕಲ್ಲಿನಲ್ಲಿ ಓಡಾಡುವ ಯಾವ ಹೆಣ್ಣುಮಗಳನ್ನು ಬೇಕಾದರೂ ಕೇಳಿ ನೋಡಿ, ಹೌದೆನ್ನುತ್ತಾಳೆ.